ಓದಲು ಕೂತಾಗ ನರಕೋಶಗಳು ಏನು ಮಾಡುತ್ತಿರುತ್ತವೆ?
ಪುಸ್ತಕ ಹಿಡಿದ ಹತ್ತೇ ನಿಮಿಷಕ್ಕೆ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ, ಮೆದುಳಿನ ಕೋಶಗಳು ದುಡಿದು ಸುಸ್ತಾಗುತ್ತವೆಯೇ ಎಂದು ಕೇಳಿದ್ದೀರಿ. ಗಮನ ಕೊಡುವುದೆಂದರೆ ನರಕೋಶಗಳು ಜೋರಾಗಿ ದುಡಿಯುವುದು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧ, ಬೇಡದ್ದರ ಬಾಯಿ ಮುಚ್ಚಿಸುವ ಕೆಲಸ.

ನನಗೆ ಇದು ಅರ್ಥವಾದದ್ದು ಮೊರಾನ್ ಮತ್ತು ಡೆಸಿಮೋನ್ ಎಂಬ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದ ಮಂಗಗಳ ಪ್ರಯೋಗದಿಂದ. ದೃಷ್ಟಿಗೆ ಸಂಬಂಧಿಸಿದ ಒಂದೇ ಒಂದು ನರಕೋಶದ ಮಿಡಿತವನ್ನು ಅವರು ಅಳೆಯುತ್ತಿದ್ದರು. ಕೆಂಪು ಪಟ್ಟಿ ಕಂಡರೆ ಆ ಕೋಶ ಚುರುಕಾಗುತ್ತದೆ, ಹಸಿರಿಗೆ ಅಷ್ಟಕ್ಕಷ್ಟೇ ಅನ್ನಿ. ಎರಡನ್ನೂ ಒಟ್ಟಿಗೆ ತೋರಿಸಿದರು. ಮಂಗನ ಕಣ್ಣು ಕದಲುವಂತಿಲ್ಲ, ಗಮನ ಮಾತ್ರ ಬದಲಾಗಬೇಕು. ಗಮನ ಹಸಿರಿನ ಕಡೆ ಹೊರಳಿದಾಗ, ಕೆಂಪು ಕಣ್ಣೆದುರೇ ಇದ್ದರೂ ಕೋಶದ ಮಿಡಿತ ತೀರಾ ಇಳಿದುಹೋಯಿತು. ಕಣ್ಣು ನೋಡುತ್ತಿದೆ, ಕೋಶ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ!

ಯಾವುದು ಬೇಕು, ಯಾವುದು ಬೇಡ ಎಂಬ ಸೂಚನೆ ಬಹುಮಟ್ಟಿಗೆ ಹಣೆಯ ಹಿಂದಿನ ಭಾಗದಿಂದ ಹೋಗುತ್ತದೆ. ಎಚ್ಚರದ ಮಟ್ಟ ನೋಡಿಕೊಳ್ಳುವುದು ಬೇರೆಯೇ ಗುಂಪು: ಮೆದುಳಿನ ಕಾಂಡದಲ್ಲಿರುವ ಲೋಕಸ್ ಸೆರುಲಿಯಸ್. ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಇದರ ಪಾಲು ಕೆಲವೇ ಹತ್ತು ಸಾವಿರ. ಆದರೂ ಇದು ಹರಿಬಿಡುವ ನಾರಡ್ರಿನಲಿನ್ ಎಂಬ ರಾಸಾಯನಿಕ ಮೆದುಳಿನ ಬಹುತೇಕ ಎಲ್ಲ ಕಡೆ ತಲುಪುತ್ತದೆ. ಕಮ್ಮಿಯಾದರೆ ತೂಕಡಿಕೆ, ಹೆಚ್ಚಾದರೆ ಸಣ್ಣ ಸದ್ದಿಗೂ ಬೆಚ್ಚಿ ತಿರುಗುವ ಚಡಪಡಿಕೆ. ಪರೀಕ್ಷೆಯ ಹಿಂದಿನ ದಿನ ಗಾಬರಿಯಲ್ಲಿ ಓದಿದ್ದು ತಲೆಗೆ ಹತ್ತದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಸುಸ್ತಿನ ವಿಷಯ. ಹತ್ತು ನಿಮಿಷದ ಓದಿಗೆ ಕೋಶಗಳು ಸವೆದುಹೋಗುವುದಿಲ್ಲ, ಆ ಭಯ ಬಿಡಿ. ನಿದ್ದೆಗೆಟ್ಟರೆ ಮಾತ್ರ ಕತೆ ಬೇರೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಲಿಗಳನ್ನು ಬಹಳ ಹೊತ್ತು ಮಲಗಲು ಬಿಡದೆ ಎಚ್ಚರವಾಗಿರಿಸಿದ್ದರು. ಕಣ್ಣು ತೆರೆದು ಓಡಾಡುತ್ತಿದ್ದ ಇಲಿಗಳ ಮೆದುಳಿನಲ್ಲೇ ಅಲ್ಲೊಂದಿಷ್ಟು, ಇಲ್ಲೊಂದಿಷ್ಟು ನರಕೋಶಗಳು ಕ್ಷಣಕಾಲ ಸ್ತಬ್ಧವಾಗುತ್ತಿದ್ದವು. ಸಕ್ಕರೆ ಗುಳಿಗೆಗೆ ಕೈ ಚಾಚುವ ಗಳಿಗೆಗೆ ಸರಿಯಾಗಿ ಹಾಗಾದರೆ, ಗುಳಿಗೆ ತಪ್ಪಿಹೋಗುವ ಸಾಧ್ಯತೆ ಹೆಚ್ಚುತ್ತಿತ್ತು. ರಾತ್ರಿಯಿಡೀ ಎದ್ದಿದ್ದ ಮರುದಿನ ಒಂದೇ ಸಾಲನ್ನು ನಾಲ್ಕು ಸಲ ಓದುತ್ತಾ ಕೂತಾಗ ನನಗೆ ಆ ಇಲಿಗಳದ್ದೇ ನೆನಪು.

ಅಂದ ಹಾಗೆ, ನೀವು ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ ಅಂತ ಪ್ರಶ್ನೆಯಲ್ಲಿ ಎಲ್ಲೂ ಬರೆದಿಲ್ಲವಲ್ಲ?