ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರಿಗೂ ರೀಕಾಲ್ ದುರಸ್ತಿ ಉಚಿತವಾಗಿ ಸಿಗುತ್ತದೆಯೇ?

ಸಿಗುತ್ತದೆ, ನಿಮ್ಮ ಕಾರಿನ ಚಾಸಿ ನಂಬರ್ ಕಂಪನಿಯ ಪಟ್ಟಿಯಲ್ಲಿದ್ದು, ಆ ಕೆಲಸ ಈ ಮೊದಲೇ ಆಗಿಲ್ಲದಿದ್ದರೆ. ರೀಕಾಲ್ ಎಂದರೆ ತಯಾರಿಕೆಯಲ್ಲಿ ದೋಷ ಕಂಡಾಗ ಕಂಪನಿ ಆ ಗಾಡಿಗಳನ್ನು ವಾಪಸ್ ಕರೆಸಿ ಸರಿಮಾಡಿಕೊಡುವುದು. ಮೂಡಿಗೆರೆಯವರಾದ ನೀವು ಬೆಂಗಳೂರಿನಿಂದ 2014ರ ಡೀಸೆಲ್ ಕಾರೊಂದನ್ನು ಕೊಂಡು ತಂದಿದ್ದೀರಿ. ಆ ಮಾದರಿಗೆ ಹಿಂದೆ ರೀಕಾಲ್ ಆಗಿತ್ತೆಂದು ಮೆಕ್ಯಾನಿಕ್ ಹೇಳಿದ್ದಾರೆ. ಸರ್ವೀಸ್ ಸೆಂಟರಿನಲ್ಲಿ ಕೇಳಿದರೆ, ‘ವಾರಂಟಿ ಮುಗಿದಿದೆ, ನೀವು ಮೊದಲ ಮಾಲೀಕರೂ ಅಲ್ಲ, ದುಡ್ಡು ಕೊಟ್ಟು ಮಾಡಿಸಿಕೊಳ್ಳಿ’ ಎಂದು ಹೇಳಿ ಕಳಿಸಿದ್ದಾರೆ. ಆ ಉತ್ತರವನ್ನು ಒಪ್ಪಿಕೊಂಡು ಸುಮ್ಮನಾಗಬೇಡಿ. ವಾರಂಟಿ ಬೇರೆ, ರೀಕಾಲ್ ಬೇರೆ. ರೀಕಾಲ್ ಪ್ರಕಟಣೆ ಹೇಳುವುದು ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ತಯಾರಾದ ಗಾಡಿಗಳು’ ಎಂದು, ಆರ್.ಸಿ.ಯಲ್ಲಿ ಯಾರ ಹೆಸರಿದೆ ಎಂಬುದು ಅದರಲ್ಲಿ ಬರುವುದೇ ಇಲ್ಲ. ತಪ್ಪು ಕಾರ್ಖಾನೆಯಲ್ಲಿ ಆಗಿದ್ದು. ಕಾರು ಕೈ ಬದಲಾದ ಮಾತ್ರಕ್ಕೆ ಆ ತಪ್ಪು ನಿಮ್ಮದಾಗುವುದಿಲ್ಲ.

ನಾನು ಹಾಸನದ ಅಧಿಕೃತ ವರ್ಕ್‌ಶಾಪ್ ಒಂದರಲ್ಲಿ ಸರ್ವೀಸ್ ಅಡ್ವೈಸರ್ ಆಗಿದ್ದವನು. ಇಂಥ ಕಾರುಗಳು ಪಟ್ಟಿಯಿಂದ ಹೇಗೆ ತಪ್ಪಿಸಿಕೊಳ್ಳುತ್ತವೆ ಎಂಬುದನ್ನು ಕಣ್ಣಾರೆ ನೋಡಿದ್ದೇನೆ. ಕಂಪನಿಯ ಪತ್ರ, ಫೋನ್, ಎಸ್‌ಎಂಎಸ್ ಎಲ್ಲವೂ ಹೋಗುವುದು ಡೀಲರ್ ದಾಖಲೆಯಲ್ಲಿರುವ ನಂಬರಿಗೆ, ಅಂದರೆ ಸಾಮಾನ್ಯವಾಗಿ ಮೊದಲ ಮಾಲೀಕರಿಗೆ. ಅವರು ಆಗಲೇ ಕಾರು ಮಾರಿ ಆಗಿರುತ್ತದೆ. ಸಕಲೇಶಪುರ, ಆಲ್ದೂರು, ಬಾಳೆಹೊನ್ನೂರು ಕಡೆಯ ತೋಟದ ಮನೆಗಳ ಮುಂದೆ ನಿಂತಿರುವ ಡೀಸೆಲ್ ಕಾರುಗಳನ್ನು ಗಮನಿಸಿ. ಕೆಎ-13, ಕೆಎ-18, ಕೆಎ-46 ಬೋರ್ಡುಗಳ ನಡುವೆ ಬೆಂಗಳೂರಿನ ನಂಬರುಗಳು ಎದ್ದು ಕಾಣುತ್ತವೆ. ಇಲ್ಲಿಗೆ ಬಂದ ಮೇಲೆ ಆ ಕಾರುಗಳಿಗೆ ಊರಿನ ಗ್ಯಾರೇಜಿನಲ್ಲೇ ಆಯಿಲ್ ಬದಲಾಗುತ್ತದೆ, ಅಧಿಕೃತ ವರ್ಕ್‌ಶಾಪಿನ ಮುಖ ನೋಡುವುದೇ ಇಲ್ಲ. ಗ್ಯಾರೇಜಿನವರ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಚಾಸಿ ನಂಬರ್ ಹಾಕಿ ಬಾಕಿ ರೀಕಾಲ್ ನೋಡುವ ವ್ಯವಸ್ಥೆ ಅವರಲ್ಲಿ ಇರುವುದಿಲ್ಲ.

ಇದೆಲ್ಲ ಕಾಗದದ ಮಾತು ಎಂದು ಅನ್ನಿಸಬಾರದೆಂದು ಒಂದು ನಿಜವಾದ ರೀಕಾಲ್ ಬಗ್ಗೆ ಹೇಳುತ್ತೇನೆ. 2015ರ ಡಿಸೆಂಬರ್‌ನಲ್ಲಿ ಹೋಂಡಾ ಕಂಪನಿ ಭಾರತದಲ್ಲಿ 90,210 ಡೀಸೆಲ್ ಕಾರುಗಳನ್ನು ವಾಪಸ್ ಕರೆಯಿತು. ಅವುಗಳಲ್ಲಿ 64,428 ಸಿಟಿ, 25,782 ಮೊಬಿಲಿಯೊ. ಸಮಸ್ಯೆ ಇದ್ದದ್ದು ಫ್ಯೂಯಲ್ ರಿಟರ್ನ್ ಪೈಪಿನಲ್ಲಿ. ಈಗಿನ ಡೀಸೆಲ್ ಎಂಜಿನ್‌ಗಳಲ್ಲಿ ಪಂಪು ಅಗತ್ಯಕ್ಕಿಂತ ಹೆಚ್ಚು ಡೀಸೆಲನ್ನು ಭಾರೀ ಒತ್ತಡದಲ್ಲಿ ಕಳಿಸುತ್ತದೆ. ಉರಿದು ಉಳಿದದ್ದು ಈ ಪೈಪಿನ ಮೂಲಕ ಮತ್ತೆ ಟ್ಯಾಂಕಿನ ಕಡೆಗೆ ಹರಿಯುತ್ತದೆ. ಪೈಪು ಜಾರಿದರೆ ಡೀಸೆಲ್ ಸೋರುತ್ತದೆ, ಓಡುತ್ತಿರುವಾಗಲೇ ಎಂಜಿನ್ ನಿಂತುಹೋಗಬಹುದು.

ಸಪಾಟು ರಸ್ತೆಯಲ್ಲಿ ಎಂಜಿನ್ ನಿಂತರೆ ಕಾರನ್ನು ಪಕ್ಕಕ್ಕೆ ತಳ್ಳಿ ಫೋನ್ ಮಾಡಬಹುದು. ಶಿರಾಡಿಯಲ್ಲಿ ಮಾರನಹಳ್ಳಿ ದಾಟಿ ಗುಂಡ್ಯದ ಕಡೆಗೆ ಇಳಿಯುವಾಗಲೋ, ಕೊಟ್ಟಿಗೆಹಾರ ಬಿಟ್ಟು ಚಾರ್ಮಾಡಿಯ ತಿರುವುಗಳಲ್ಲಿ ಮಂಜಿನೊಳಗೆ ಹೋಗುವಾಗಲೋ ನಿಂತರೆ? ಡೀಸೆಲ್ ಕಾರಿನ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಓಡುವುದು ಎಂಜಿನ್ ಓಡುತ್ತಿರುವವರೆಗೆ ಮಾತ್ರ. ಎಂಜಿನ್ ನಿಂತ ಮೇಲೆ ಕೆಲವೇ ಸಲ ಪೆಡಲ್ ಒತ್ತುವಷ್ಟು ಬಲ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸ್ಟೀರಿಂಗೂ ಭಾರವಾಗುತ್ತದೆ. ಹಿಂದೆ ಲಾರಿ, ಎದುರಿಗೆ ಬಸ್ಸು. ಅಗ್ಗದ ಪೈಪೊಂದಕ್ಕಾಗಿ ತೊಂಬತ್ತು ಸಾವಿರ ಕಾರುಗಳನ್ನು ಯಾಕೆ ಕರೆಸಿದರು ಎಂದು ಕೇಳುವವರು ನಮ್ಮ ಘಾಟಿಯನ್ನು ಒಮ್ಮೆ ನೆನಪಿಸಿಕೊಂಡರೆ ಸಾಕು.

ಇಂಥವು ಬೇರೆಯೂ ಇವೆ. 2021ರ ಫೆಬ್ರುವರಿಯಲ್ಲಿ ಮಹೀಂದ್ರಾ ಕಂಪನಿ ಕ್ಯಾಮ್‌ಶಾಫ್ಟ್ (ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚಿಸುವ ದಂಡ) ದೋಷಕ್ಕಾಗಿ 1,577 ಡೀಸೆಲ್ ಥಾರ್‌ಗಳನ್ನು ಕರೆಸಿತು. ಅದೇ ವರ್ಷ, 2020ರ ಜನವರಿಯಿಂದ 2021ರ ಫೆಬ್ರುವರಿವರೆಗೆ ತಯಾರಾದ 29,878 ಪಿಕಪ್‌ಗಳ ಫ್ಲೂಯಿಡ್ ಪೈಪನ್ನು ಪರೀಕ್ಷಿಸಿ ಬದಲಿಸುವುದಾಗಿ ಹೇಳಿತು. ಕಾಫಿ ಮೂಟೆ ಸಾಗಿಸುವ ಪಿಕಪ್ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಗಾಡಿ ತಯಾರಾದ ತಿಂಗಳನ್ನು ನೋಡಿಕೊಳ್ಳಿ.

ಹೊಗೆಗೆ ಸಂಬಂಧಿಸಿದ ರೀಕಾಲ್‌ಗಳೂ ಆಗಿವೆ. 2013ರಲ್ಲಿ ಜನರಲ್ ಮೋಟರ್ಸ್ ಕಂಪನಿಯ ಸುಮಾರು 1.14 ಲಕ್ಷ ತವೇರಾಗಳು, 2015ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿಗಳ ಸುಮಾರು 3.23 ಲಕ್ಷ ಡೀಸೆಲ್ ಕಾರುಗಳು. ಎರಡನೆಯದರಲ್ಲಿ ಮುಖ್ಯವಾಗಿ ಸಾಫ್ಟ್‌ವೇರ್ ಬದಲಾವಣೆ. ಮೈಲೇಜ್ ಬೀಳುತ್ತದೆಂಬ ಭಯಕ್ಕೆ ಅನೇಕರು ಇಂಥವನ್ನು ಮಾಡಿಸಿಕೊಳ್ಳಲು ಹಿಂಜರಿಯುತ್ತಾರೆ. ಮಾಡಿಸಿಕೊಳ್ಳಿ ಎಂಬುದೇ ನನ್ನ ಸಲಹೆ. ಆ ಹೊಗೆ ಹೋಗುವುದು ನಮ್ಮ ಮಕ್ಕಳ ಶ್ವಾಸಕೋಶಕ್ಕೇ.

ಈಗ ನೀವು ಮಾಡಬೇಕಾದ್ದು. ಆರ್.ಸಿ.ಯಲ್ಲಿ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಇರುತ್ತದೆ. ಹೆಚ್ಚಿನ ಕಂಪನಿಗಳ ವೆಬ್‌ಸೈಟಿನಲ್ಲಿ ಅದನ್ನು ಹಾಕಿ ರೀಕಾಲ್ ಬಾಕಿ ಇದೆಯೇ ಎಂದು ನೋಡಬಹುದು. ವಾಹನ ತಯಾರಕರ ಸಂಘಟನೆಯಾದ ಸಿಯಾಮ್ 2012ರಿಂದ ಸ್ವಯಂಪ್ರೇರಿತ ರೀಕಾಲ್‌ಗೆ ಒಂದು ಸಂಹಿತೆ ಇಟ್ಟುಕೊಂಡಿದೆ. ಅದರ ವೆಬ್‌ಸೈಟಿನಲ್ಲಿಯೂ ಹಳೆಯ ರೀಕಾಲ್‌ಗಳ ಮಾಹಿತಿ ಇದೆ. ಚಾಸಿ ನಂಬರ್ ಪಟ್ಟಿಯಲ್ಲಿ ಸಿಕ್ಕರೆ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಬೇಡಿ. ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆದು, ‘ಈ ಚಾಸಿ ನಂಬರಿಗೆ ಬಾಕಿ ಇರುವ ರೀಕಾಲ್ ಯಾವುದು, ಎಲ್ಲಿ ಮಾಡಿಸಬೇಕು’ ಎಂದು ಕೇಳಿ, ಡೀಲರಿಗೂ ಪ್ರತಿ ಕಳಿಸಿ. ಬರಹದಲ್ಲಿ ಕೇಳಿದಾಗ ‘ನೀವು ಎರಡನೇ ಮಾಲೀಕರು’ ಎಂದು ಬರಹದಲ್ಲಿ ಉತ್ತರಿಸುವ ಧೈರ್ಯ ಯಾರಿಗೂ ಬರುವುದನ್ನು ನಾನು ಕಂಡಿಲ್ಲ.

ಕಾನೂನಿನ ಬಗ್ಗೆಯೂ ಕೇಳಿದ್ದೀರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ 110ಎ ಕಲಮು, ದೋಷವಿರುವ ವಾಹನಗಳನ್ನು ವಾಪಸ್ ಕರೆಸುವಂತೆ ಕಂಪನಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ಇದೆ. ಆದರೆ ಆ ನಿಯಮ 7 ವರ್ಷದೊಳಗಿನ ವಾಹನಗಳಿಗೆ ಮಾತ್ರ. ನಿಮ್ಮ 2014ರ ಕಾರಿಗೆ ಅದರ ಬಲ ಸಿಗದು. ಕೌಂಟರಿನವರು ಈ 7 ವರ್ಷದ ಮಾತನ್ನು ಎತ್ತಿದರೆ ಗೊಂದಲಕ್ಕೆ ಬೀಳಬೇಡಿ: ನೀವು ಕೇಳುತ್ತಿರುವುದು ಕಂಪನಿ ತಾನೇ ಪ್ರಕಟಿಸಿದ ರೀಕಾಲ್ ಅನ್ನು.

ಆಗಲೂ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಮುಂದಿನ ಹೆಜ್ಜೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ; ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಇಮೇಲ್ ಪ್ರತಿಗಳು ಆಗ ಕೆಲಸಕ್ಕೆ ಬರುತ್ತವೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ತೊಂದರೆಯೂ ರೀಕಾಲ್ ಅಲ್ಲ. ತೋಟದ ಶೆಡ್ಡಿನಲ್ಲಿ ಇಲಿ ವೈರು ಕಡಿದರೆ, ಹೊಸ ಬಿಎಸ್-6 ಡೀಸೆಲ್ ಕಾರು ಮನೆಯಿಂದ ಪೇಟೆಗೆ ಮಾತ್ರ ಓಡಿ ಅದರ ಹೊಗೆ ಫಿಲ್ಟರ್ ಕಟ್ಟಿಕೊಂಡರೆ, ಅದಕ್ಕೆ ಉಚಿತ ದುರಸ್ತಿ ಕೇಳಲಾಗದು. ರೀಕಾಲ್ ಮಾಡುವಾಗ ಬ್ರೇಕ್ ಪ್ಯಾಡ್ ಸವೆದಿದೆ, ಬದಲಿಸೋಣವೇ ಎಂದು ಕೇಳಿದರೆ ಅದು ನಿಮ್ಮ ಖರ್ಚು, ನಿಮ್ಮ ತೀರ್ಮಾನ. ರೀಕಾಲ್ ಕೆಲಸಕ್ಕೆ ಮಾತ್ರ ಬಿಡಿಭಾಗಕ್ಕೂ ಕೂಲಿಗೂ ಒಂದು ಪೈಸೆ ಇಲ್ಲ.

ಹೊರಡುವ ಮೊದಲು ಫೋನ್ ಮಾಡಿ, ಬಿಡಿಭಾಗ ಬಂದಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಹಳೆಯ ಮಾದರಿಯಾದರೆ ತರಿಸಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ರೀಕಾಲ್ ಪೂರ್ಣಗೊಂಡಿದೆ ಎಂದು ಬರೆದ ಜಾಬ್ ಕಾರ್ಡ್ ಪಡೆದುಕೊಳ್ಳಿ. ಮುಂದೆ ನೀವು ಕಾರು ಮಾರಿದರೆ ಕೊಳ್ಳುವವರಿಗೆ ಅದನ್ನು ಕೊಡಿ. ಕಾರಿನ ಮಾದರಿ ಮತ್ತು ತಯಾರಾದ ತಿಂಗಳನ್ನು ಇಲ್ಲಿ ಬರೆದರೆ ಯಾವ ರೀಕಾಲ್ ಇರಬಹುದೆಂದು ನೋಡಿ ಹೇಳುತ್ತೇನೆ. ಚಾಸಿ ನಂಬರನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ.