ಬಾಡಿಗೆ ಕಡಿಮೆ, ಓಡಾಟ ಜಾಸ್ತಿ: ಯಾವ ಮನೆ ಹಿಡಿಯಲಿ?

ಪ್ರಶ್ನೆ: ನನಗೆ ದೊಡ್ಡ ನಗರದಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಬಾಡಿಗೆ ಕೈಗೆಟುಕುವುದಿಲ್ಲ. ಪಕ್ಕದ ಉಪನಗರದಲ್ಲಿ ಎರಡು ಅಪಾರ್ಟ್‌ಮೆಂಟ್ ನೋಡಿದ್ದೇವೆ. ಒಂದು ರೈಲು ನಿಲ್ದಾಣದ ಹತ್ತಿರ, ಚಿಕ್ಕದು. ಇನ್ನೊಂದು ದೊಡ್ಡದು, ಬಾಡಿಗೆಯೂ ಕಡಿಮೆ. ಆದರೆ ಅಲ್ಲಿಂದ ಕೆಲಸಕ್ಕೆ ಹೋಗಲು 40 ನಿಮಿಷ ಜಾಸ್ತಿ ಬೇಕು. ಗಂಡ-ಹೆಂಡತಿ ಇಬ್ಬರೇ ಇರುವುದು, ವಾಹನವಿಲ್ಲ. ಯಾವುದನ್ನು ಹಿಡಿಯಲಿ? ಕರಾರಿನಲ್ಲಿ ಏನೇನು ನೋಡಬೇಕು?

ಉತ್ತರ: ನಿಲ್ದಾಣದ ಹತ್ತಿರದ ಚಿಕ್ಕ ಮನೆಯತ್ತಲೇ ನನ್ನ ಒಲವು. ಹೋಗಲು 40, ಬರಲು 40 ಅಂದರೆ ದಿನಕ್ಕೆ 80 ನಿಮಿಷ. ತಿಂಗಳಲ್ಲಿ 22 ದಿನ ಕೆಲಸವಿದ್ದರೆ 29 ಗಂಟೆ ದಾಟುತ್ತದೆ. ದೊಡ್ಡ ಹಾಲ್ ಇದ್ದರೂ ಅದರಲ್ಲಿ ಕೂರಲು ನಿಮಗೆ ಹೊತ್ತೇ ಇರುವುದಿಲ್ಲ, ಅಲ್ವಾ? ಇಂಥ ಊರುಗಳಲ್ಲಿ ಅಂಗಡಿ, ಔಷಧಿ, ಆಸ್ಪತ್ರೆ ಎಲ್ಲ ದೂರ ದೂರ ಹರಡಿಕೊಂಡಿರುವುದೂ ಉಂಟು. ದೂರದ ಮನೆಗೆ ಹೋದ ಕೆಲವೇ ತಿಂಗಳಲ್ಲಿ ವಾಹನ ಬೇಕೇ ಬೇಕು ಅನಿಸುತ್ತದೆ. ಸಾಲದ ಕಂತು, ಇಂಧನ, ವಿಮೆ, ಪಾರ್ಕಿಂಗ್ ಎಲ್ಲ ಸೇರಿದರೆ ಬಾಡಿಗೆಯಲ್ಲಿ ಉಳಿಸಿದ್ದು ಅಲ್ಲೇ ಕರಗಿಹೋಗುತ್ತದೆ.

ಆದರೂ ಈಗಲೇ ಸಹಿ ಹಾಕಬೇಡಿ. ಮನೆ ನೋಡಲು ನೀವು ಹೋಗಿದ್ದು ರಜೆಯ ದಿನ ಮಧ್ಯಾಹ್ನ ಇರಬೇಕು; ಬಹಳ ಜನ ಹಾಗೇ ಮಾಡುತ್ತಾರೆ. ಆಗ ರಸ್ತೆ ಖಾಲಿ, ಅಕ್ಕಪಕ್ಕ ಶಾಂತ. ಕೆಲಸದ ದಿನ ಬೆಳಿಗ್ಗೆ, ನೀವು ಮನೆ ಬಿಡುವ ಹೊತ್ತಿಗೇ ಅಲ್ಲಿಂದ ಹೊರಟು ಕಚೇರಿಯವರೆಗೆ ಹೋಗಿ ನೋಡಿ. ಕೊನೆಯ ರೈಲು ಎಷ್ಟಕ್ಕೆ ಅಂತ ತಿಳಿದುಕೊಳ್ಳಿ. ಇನ್ನೊಂದು ದಿನ ರಾತ್ರಿ ಹೋಗಿ. ಮಲಗುವ ಕೋಣೆಯಲ್ಲಿ ಕಿಟಕಿ ತೆರೆದು ಒಮ್ಮೆ, ಮುಚ್ಚಿ ಒಮ್ಮೆ ಸದ್ದು ಕೇಳಿ. ನಿಲ್ದಾಣದ ಹತ್ತಿರದ ಮನೆಗೆ ಇದೇ ದೊಡ್ಡ ಪರೀಕ್ಷೆ.

ಮನೆಯೊಳಗೆ ಮೊದಲು ನೀರು ನೋಡಿ. ಅಡುಗೆಮನೆಯ ನಲ್ಲಿ, ಬಚ್ಚಲಿನ ನಲ್ಲಿ ಎರಡನ್ನೂ ಬಿಟ್ಟು ಫ್ಲಶ್ ಮಾಡಿ. ಧಾರೆ ಸಣ್ಣಗಾದರೆ ಒತ್ತಡ ಸಾಲದು. ಸಿಂಕಿನ ಕೆಳಗೆ, ಬೀರುವಿನ ಹಿಂದೆ ಮುಗ್ಗಲು ವಾಸನೆ ಇದೆಯಾ? ಇಡೀ ಗೋಡೆ ಹಳೆಯದಾಗಿದ್ದು ಒಂದು ಕಡೆ ಮಾತ್ರ ಹೊಸ ಬಣ್ಣವಿದ್ದರೆ, ತೇವ ಮುಚ್ಚಿರಬಹುದು. ಸುಮ್ನೆ ಬಿಡದೆ ಕೇಳಿ. ಪಕ್ಕದ ಮನೆಯವರನ್ನೂ ಮಾತಾಡಿಸಿ. ಏನಾದರೂ ಕೆಟ್ಟರೆ ಮಾಲೀಕರು ಎಷ್ಟು ದಿನಕ್ಕೆ ಸರಿ ಮಾಡಿಸುತ್ತಾರೆ ಎಂಬುದನ್ನು ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು.

ಇನ್ನು ಕರಾರು. ನಾನು ಮೊದಲು ಓದುವುದು ಮನೆ ಬಿಡುವ ಷರತ್ತುಗಳನ್ನು. ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು, ಅವಧಿಗೆ ಮೊದಲೇ ಬಿಟ್ಟರೆ ಏನು ಕಟ್ಟಬೇಕು, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ, ಯಾವುದಕ್ಕೆಲ್ಲ ಅದರಲ್ಲಿ ಹಿಡಿದುಕೊಳ್ಳಬಹುದು. ಆಮೇಲೆ ಬಾಡಿಗೆ ಏರಿಕೆ, ರಿಪೇರಿ, ಮೇಂಟೆನೆನ್ಸ್. "ಗೀಸರ್ ಹಾಕಿಸಿಕೊಡ್ತೀನಿ" ಎಂಬಂಥ ಬಾಯಿಮಾತೆಲ್ಲ ಕಾಗದಕ್ಕೆ ಬರಲಿ. ಇಬ್ಬರೂ ಸಹಿ ಹಾಕುವುದಾದರೆ, ಒಬ್ಬರು ಕಟ್ಟದಿದ್ದರೆ ಪೂರ್ತಿ ಬಾಡಿಗೆ ಇನ್ನೊಬ್ಬರ ಮೇಲೆ ಬೀಳುತ್ತದಾ ಅಂತಲೂ ನೋಡಿ. ಬಾಡಿಗೆ ಕಾನೂನು ಒಂದೊಂದು ಕಡೆ ಒಂದೊಂದು ಥರ. ಹಾಗಾಗಿ ಅಲ್ಲಿನ ನಿಯಮ ತಿಳಿದವರಿಗೆ ಕರಾರನ್ನು ಒಮ್ಮೆ ತೋರಿಸಿ.

ಮನೆಯನ್ನು ಕಣ್ಣಾರೆ ನೋಡದೆ, ಮಾಲೀಕರು ಯಾರೆಂದು ಖಚಿತವಾಗದೆ ಒಂದು ಪೈಸೆಯನ್ನೂ ಕೊಡಬೇಡಿ. ಬೇರೆಯವರ ಮನೆಯ ಫೋಟೋ ಹಾಕಿ, ಕಡಿಮೆ ಬಾಡಿಗೆ ತೋರಿಸಿ, "ನಾನು ದೂರದಲ್ಲಿದ್ದೇನೆ, ಹಣ ಹಾಕಿದರೆ ಕೀ ಕಳಿಸ್ತೀನಿ" ಎನ್ನುವ ಮೋಸ ಎಲ್ಲ ಕಡೆ ನಡೆಯುತ್ತಿದೆ.

ಕೀ ಕೈಗೆ ಬಂದ ದಿನ ಸಾಮಾನು ಇಳಿಸುವ ಮೊದಲೇ ಪ್ರತಿ ಕೋಣೆಯ ವಿಡಿಯೋ ತೆಗೆಯಿರಿ. ಬಿರುಕು, ಕಲೆ, ಮೀಟರ್ ರೀಡಿಂಗ್ ಎಲ್ಲ ಅದರಲ್ಲಿರಲಿ. ಅವತ್ತೇ ಮಾಲೀಕರಿಗೆ ಕಳಿಸಿಬಿಡಿ. ದಿನ ಕಳೆದಂತೆ ಬಣ್ಣ ಮಾಸುವುದು ಸಹಜ ಸವಕಳಿ, ಗಾಜು ಒಡೆಯುವುದು ಹಾನಿ. ಅಡ್ವಾನ್ಸ್ ಜಗಳ ಹುಟ್ಟುವುದು ಇವೆರಡರ ನಡುವೆಯೇ. ಆಗ ನಿಮ್ಮ ಪರವಾಗಿ ಮಾತಾಡುವುದು ಆ ವಿಡಿಯೋ.

ಒಂದು ವೇಳೆ ರೈಲಿನ ಸದ್ದಿಗೆ ನಿದ್ದೆ ಬರುವುದಿಲ್ಲ ಅನಿಸಿದರೆ, ಬೇಸರದಲ್ಲಿ ದೂರದ ಮನೆಗೆ ಒಪ್ಪಿಬಿಡಬೇಡಿ. ನಿಲ್ದಾಣದಿಂದ ಹದಿನೈದು ನಿಮಿಷ ನಡೆಯುವಷ್ಟು ದೂರದಲ್ಲಿ ಮೂರನೆಯ ಮನೆ ಹುಡುಕಿ.