ಎದೆಯುರಿಯ ಜೊತೆ ಹೊಟ್ಟೆಯೂ ಹಿಂಡುತ್ತಿದೆಯಾ?

ಪ್ರಶ್ನೆ: ಕೆಲವು ತಿಂಗಳಿಂದ ಊಟವಾದ ಮೇಲೆ ಹುಳಿ ತೇಗು, ಎದೆಯುರಿ. ಜೊತೆಗೆ ಹೊಕ್ಕುಳ ಕೆಳಗೆ ಹಿಂಡಿದ ಹಾಗೆ ನೋವು ಬಂದು ಹೋಗುತ್ತದೆ. ಒಮೆಪ್ರಜೋಲ್ ಮಾತ್ರೆಯ ಜೊತೆ ಆಸಿಡಿಟಿ ಸಿರಪ್ಪನ್ನೂ ಕುಡಿಯುತ್ತಿದ್ದೇನೆ. ಉರಿ ಸ್ವಲ್ಪ ಕಡಿಮೆ, ನೋವು ಹಾಗೇ ಇದೆ. ಡೋಸ್ ಜಾಸ್ತಿ ಮಾಡಲೇ?

ಉತ್ತರ: ಬೇಡ, ನೀವಾಗಿಯೇ ಜಾಸ್ತಿ ಮಾಡಬೇಡಿ. ಜಠರದ ಆಮ್ಲ ಅನ್ನನಾಳಕ್ಕೆ ಏರಿದಾಗ ಆಗುವುದು ಎದೆಯುರಿ. ಹೊಕ್ಕುಳ ಕೆಳಗೆ ಹಿಂಡುವ ನೋವು ಹೆಚ್ಚಾಗಿ ಕರುಳಿನದು, ಆಮ್ಲ ಕಡಿಮೆ ಮಾಡುವ ಮಾತ್ರೆಗೆ ಅದು ಬಗ್ಗುವುದಿಲ್ಲ. ಎರಡೂ ಒಟ್ಟಿಗೆ ಇರುವವರು ತುಂಬಾ ಜನ ಇದ್ದಾರೆ, ಗಾಬರಿ ಬೇಡ.

ಮೊದಲು ಆ ಸಿರಪ್ ಬಾಟಲಿಯ ಚೀಟಿ ಓದಿ. ಅದರಲ್ಲಿ ಮೆಗ್ನೀಷಿಯಂ ಇದ್ದರೆ ಕೆಲವರಿಗೆ ಭೇದಿಯಾಗಿ ಹೊಟ್ಟೆ ನುಲಿಯುತ್ತದೆ, ಅಲ್ಯೂಮಿನಿಯಂ ಇದ್ದರೆ ಮಲಬದ್ಧತೆಯಾಗಿ ಆ ಕಾರಣಕ್ಕೇ ಹೊಟ್ಟೆ ಹಿಂಡಬಹುದು, ಅಂದರೆ ಉರಿಗೆ ಅಂತ ಕುಡಿದದ್ದೇ ನೋವು ಕೊಡುತ್ತಿರಬಹುದು. ಪುದೀನಾ ಎಣ್ಣೆಯ ಕ್ಯಾಪ್ಸೂಲ್ ಹೊಟ್ಟೆ ಹಿಂಡುವುದಕ್ಕೆ ಒಳ್ಳೆಯದು ಅಂತ ಯಾರಾದರೂ ಹೇಳಿಯಾರು. ಕರುಳಿನ ಸ್ನಾಯುವನ್ನು ಸಡಿಲ ಮಾಡುವುದು ನಿಜ, ಆದರೆ ಅನ್ನನಾಳದ ಬುಡದ ಕವಾಟವನ್ನೂ ಸಡಿಲ ಮಾಡಿ ಉರಿ ಹೆಚ್ಚಿಸಬಹುದು. ನಿಮಗೆ ಬೇಡ. ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ಸಾಕು. ನೋವಿಗೆ ಐಬುಪ್ರೊಫೇನ್, ಡೈಕ್ಲೋಫಿನ್ಯಾಕ್ ನುಂಗಲೇಬೇಡಿ, ಅವು ಜಠರದಲ್ಲಿ ಹುಣ್ಣು ಮಾಡಬಲ್ಲವು.

ಒಮೆಪ್ರಜೋಲನ್ನು ತಿಂಡಿಗೆ 30ರಿಂದ 60 ನಿಮಿಷ ಮುಂಚೆ ತಗೊಳ್ಳಿ. ಊಟವಾದ ಮೇಲೆ ನುಂಗಿದರೆ ಅರ್ಧ ಕೆಲಸ ಕೆಟ್ಟ ಹಾಗೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ 3 ಗಂಟೆ ಬಿಡಿ, ಎಡಮಗ್ಗುಲಿಗೆ ಮಲಗಿ. ದಿಂಬಿನ ಮೇಲೆ ದಿಂಬು ಹಾಕಿದರೆ ಹೊಟ್ಟೆ ಮಡಚಿ ಇನ್ನೂ ಕಷ್ಟ, ಅದರ ಬದಲು ಮಂಚದ ತಲೆಭಾಗದ ಕಾಲುಗಳ ಕೆಳಗೆ ಸುಮಾರು 15 ಸೆಂಟಿಮೀಟರ್ ಎತ್ತರದ ಮರದ ತುಂಡು ಇಡಿ.

ಎರಡು ವಾರ ಬರೆದಿಡಿ: ನೋವು ಯಾವಾಗ, ಎಲ್ಲಿ, ಕಕ್ಕಸಿಗೆ ಹೋದ ಮೇಲೆ ಕಡಿಮೆಯಾಯಿತಾ? ಕಡಿಮೆಯಾಗುತ್ತಿದ್ದರೆ ಐಬಿಎಸ್ (ಕರುಳಿನ ಕೆಲಸ ಏರುಪೇರಾಗಿ ಹೊಟ್ಟೆನೋವು ಬಂದು ಹೋಗುವ ತೊಂದರೆ) ಇರಬಹುದು, ಅದರ ಔಷಧಿಯೇ ಬೇರೆ. ಜಿಡ್ಡು ತಿಂದ ಮೇಲೆ ಬಲಪಕ್ಕೆಲುಬಿನ ಕೆಳಗೆ ನೋವು ಬಂದರೆ ಪಿತ್ತಕೋಶದ ಕಲ್ಲಿಗೆ ಸ್ಕ್ಯಾನ್ ಬೇಕಾದೀತು. ಹೀಗೆ ಬರೆದಿಟ್ಟದ್ದನ್ನು ಹಿಡಿದು ಡಾಕ್ಟರ ಹತ್ತಿರ ಹೋಗಿ, ಇಷ್ಟು ತಿಂಗಳಾದ ಮೇಲೆ ಸುಮ್ನೆ ಸಹಿಸಿಕೊಂಡಿರುವುದು ಸರಿಯಲ್ಲ.

ಮಲ ಟಾರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಬಂದರೆ, ಅಥವಾ ಎದೆನೋವು ಕೈಗೋ ದವಡೆಗೋ ಹರಡಿ ಬೆವರಿದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ನುಂಗುವಾಗ ಅನ್ನ ಸಿಕ್ಕಿಕೊಳ್ಳುತ್ತಿದ್ದರೆ, ತೂಕ ತಾನಾಗಿ ಇಳಿಯುತ್ತಿದ್ದರೆ ಈ ವಾರವೇ ತೋರಿಸಿ.